ಚೆಂಡು ಯಾರ ಕೈಗೆ?



ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕು. ಸ್ಕಾಲರ್‌ಶಿಪ್ಪು ಯಾವ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಯಾರಿಗೂ ಗೊತ್ತಿಲ್ಲ. ಊರಲ್ಲಿ ಅಪ್ಪನ ಎರಡೆಕರೆ ಇನ್ನೂ ಕೋರ್ಟಿನಲ್ಲಿದೆ. ಇಂಥಾ ಹೊತ್ತಿನಲ್ಲಿ ಇವರು ಚೆಂಡಾಟದ ಬಗ್ಗೆ ಬರೀತಾ ಕೂತಿದ್ದಾರಲ್ಲ, ಇವರಿಗೇನು ಕೆಲಸ ಇಲ್ವೇ ಅಂತ ನೀವು ಕೇಳಬಹುದು. ಹೋದ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿಯೇಬಿಟ್ಟರು. 'ಭೂಮಿ ಕೇಳ್ರಯ್ಯಾ ಅಂದ್ರೆ ಚೆಂಡು ಕೇಳ್ತೀರಲ್ಲೋ' ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮಾತು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ.

ಕ್ಲಾಸಿನೊಳಗೆ ಜಾತಿ ಈಗ ಶರಟು ಇನ್ ಮಾಡಿಕೊಂಡು ಕೂತಿರುತ್ತೆ. ಹಾಜರಿ ಕೂಗುವಾಗ, ಸ್ಕಾಲರ್‌ಶಿಪ್ ಫಾರಂ ಹಂಚುವಾಗ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಬಗ್ಗಿ ಕೂರುತ್ತೆ. ಮೈದಾನಕ್ಕೆ ಬಂದರೆ ಹಾಗಿಲ್ಲ. ಅಲ್ಲಿ ಬೆಂಚಿಲ್ಲ, ಪುಸ್ತಕವಿಲ್ಲ, ಬೋರ್ಡಿಲ್ಲ. ಇರೋದು ಮೈ ಮಾತ್ರ. ಯಾರ ಮೈ ಮುಂದೆ, ಯಾರ ಮೈ ಹಿಂದೆ, ಯಾರು ಕೈ ಚಾಚಿದರೆ ಚೆಂಡು ಬರುತ್ತೆ, ಯಾರು ಚಾಚಿದರೂ ಬರೋದಿಲ್ಲ ಅನ್ನೋದು ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣುತ್ತೆ. ಅದೂ ಆರು, ಏಳು, ಎಂಟನೇ ಕ್ಲಾಸಿನ ವಯಸ್ಸು ನೋಡಿ. ಹನ್ನೊಂದರಿಂದ ಹದಿನಾಲ್ಕು. ಮೈ ಬೆಳೆಯೋ ವಯಸ್ಸು, ನಾಚಿಕೆ ಹುಟ್ಟೋ ವಯಸ್ಸು. 'ನಿನ್ನ ಜಾಗ ಇಲ್ಲಿ' ಅಂತ ಆಗ ಮೈಗೆ ಕಲಿಸಿದ್ದು ಬಿ.ಎ. ಆದರೂ ಎಂ.ಎ. ಆದರೂ ಬಿಡೋದಿಲ್ಲ. ಸಭೆಯಲ್ಲಿ ಮುಂದಿನ ಕುರ್ಚಿ ಖಾಲಿ ಇದ್ದರೂ ನಮ್ಮ ಹುಡುಗರು ಹಿಂದೆ ಹೋಗಿ ಗೋಡೆಗೆ ಒರಗಿ ನಿಲ್ತಾರಲ್ಲ, ಅದು ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?

ಆಟದ ಪಿರಿಯಡ್ಡು ಹೇಗೆ ನಡೆಯುತ್ತೆ ಅನ್ನೋದು ನಿಮಗೆ ಗೊತ್ತು. ಆದರೂ ಒಂದು ಸಲ ಬರೆದಿಡೋಣ. ಡ್ರಿಲ್ ಮೇಷ್ಟ್ರು ಇದ್ದರೆ ಡ್ರಿಲ್ ಮೇಷ್ಟ್ರು, ಇಲ್ಲದಿದ್ದರೆ ಹಿಂದಿ ಮೇಷ್ಟ್ರು, ಆಫೀಸು ರೂಮಿನ ಬೀರುವಿನಿಂದ ಒಂದು ಚೆಂಡು ತರುತ್ತಾರೆ. 'ಆಡ್ಕೊಳ್ರೋ, ಗಲಾಟೆ ಮಾಡ್ಬೇಡಿ' ಅಂತ ಎಸೆದು ಹೊಂಗೆ ಮರದ ನೆರಳಿಗೆ ಹೋಗಿ ಕೂರುತ್ತಾರೆ, ಕೈಯಲ್ಲಿ ಮೊಬೈಲು. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಪಿರಿಯಡ್ಡು ನಲವತ್ತು ನಿಮಿಷ. ಚೆಂಡು ಒಂದು. ಲೆಕ್ಕದ ಮೇಷ್ಟ್ರನ್ನು ಕೇಳಿದರೆ ತಲೆಗೆ ಒಂದು ನಿಮಿಷ ಅಂತಾರೆ. ಆ ಒಂದು ನಿಮಿಷ ಎಷ್ಟು ತಲೆಗೆ ಬಂತು ಅಂತ ಎಣಿಸಿದವರು ಯಾರೂ ಇಲ್ಲ. ಆರು ಹುಡುಗರು ನಲವತ್ತು ನಿಮಿಷವನ್ನೂ ತಿಂದು ಬೆವರು ಒರೆಸಿಕೊಂಡು ಒಳಗೆ ಹೋಗಿರುತ್ತಾರೆ. ಮಿಕ್ಕವರು ಸುತ್ತ ನಿಂತು ಕೂಗಿದ್ದೇ ಆಟ.

1974ರ ಭೂಸುಧಾರಣೆ ಕಾನೂನಿನಲ್ಲಿ ಗೇಣಿ ಮಾಡುತ್ತಿದ್ದವನಿಗೆ ಭೂಮಿ ಸಿಕ್ಕಿತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನು ಹೆಚ್ಚಾಗಿ ನೋಡುತ್ತಾ ನಿಂತ ಅಂತ ನಮ್ಮ ಹಿರಿಯರು ಹೇಳ್ತಾರೆ. ಚೆಂಡಿನ ಹಂಚಿಕೆಯೂ ಹಾಗೆಯೇ. ಮನೆಯಲ್ಲಿ ಬ್ಯಾಟಿರುವವನಿಗೆ, ಅಪ್ಪ ಪೇಟೆಯಿಂದ ಬೂಟು ತಂದುಕೊಟ್ಟವನಿಗೆ ಶಾಲೆಯ ಚೆಂಡೂ ಸಿಗುತ್ತೆ. ಮೊದಲೇ ಆಡಿ ಬಂದವನು ಚೆನ್ನಾಗಿ ಆಡ್ತಾನೆ, ಚೆನ್ನಾಗಿ ಆಡೋದರಿಂದ ಅವನಿಗೇ ಚೆಂಡು, ಚೆಂಡು ಸಿಕ್ಕಿದ್ದರಿಂದ ಇನ್ನೂ ಚೆನ್ನಾಗಿ ಆಡ್ತಾನೆ. ಇದನ್ನೇ ನೋಡಿ ಮೇಷ್ಟ್ರು 'ಇವನಿಗೆ ಪ್ರತಿಭೆ ಇದೆ' ಅಂತ ವಲಯ ಮಟ್ಟಕ್ಕೆ ಹೆಸರು ಬರೆಯುತ್ತಾರೆ.

ಇನ್ನು ಇಬ್ಬರು ಲೀಡರುಗಳು ಟೀಮು ಆರಿಸೋ ಪದ್ಧತಿ. ಇದನ್ನು ಕಂಡುಹಿಡಿದವನು ಯಾರೋ, ಅವನ ತಲೆಗೆ ಚೆಂಡು ಬೀಳಲಿ. ಲೀಡರು ಯಾರು? ಊರ ಗೌಡರ ಮನೆ ಹುಡುಗ ಒಬ್ಬ, ಸೊಸೈಟಿ ಅಧ್ಯಕ್ಷರ ಮಗ ಇನ್ನೊಬ್ಬ. 'ನನಗೆ ಇವನು', 'ನನಗೆ ಅವನು' ಅಂತ ಒಬ್ಬೊಬ್ಬರನ್ನೇ ಎಳೆದುಕೊಳ್ತಾ ಹೋಗ್ತಾರೆ, ಸಂತೆಯಲ್ಲಿ ದನದ ಹಲ್ಲು ನೋಡಿ ಆರಿಸಿದ ಹಾಗೆ. ಕೊನೆಗೆ ಮೂರು ನಾಲ್ಕು ಮಂದಿ ಉಳೀತಾರೆ. ಒಬ್ಬ ದಪ್ಪಗಿರೋನು, ಒಬ್ಬ ಕಣ್ಣು ಮಂಜಿರೋನು, ಮತ್ತೆ ನಮ್ಮ ಕೇರಿಯ ಇಬ್ಬರು. 'ಇವರನ್ನ ನೀನೇ ಇಟ್ಕೊ' 'ಬೇಡ ನೀನೇ ಇಟ್ಕೊ' ಅನ್ನೋ ಮಾತು ಅವರ ಎದುರಿಗೇ ನಡೆಯುತ್ತೆ. ಹನ್ನೆರಡು ವರ್ಷದ ಮಗು ಅದನ್ನು ನಿಂತು ಕೇಳಿಸಿಕೊಳ್ಳಬೇಕು. ಟೀಮಿಗೆ ಸೇರಿದ ಮೇಲೂ ಅವನ ಕೆಲಸ ಗೊತ್ತಿರೋದೇ. ಚೆಂಡು ಬೇಲಿ ದಾಟಿ ಜಾಲಿ ಮುಳ್ಳಿಗೆ ಬಿದ್ದರೆ 'ಏ, ಹೋಗಿ ತಗೊಂಬಾರೋ'. ಕ್ರೀಡಾಕೂಟ ಬಂದರೆ ಹಿಂದಿನ ದಿನ ಮೈದಾನದ ಕಾಂಗ್ರೆಸ್ ಗಿಡ ಕೀಳೋದು ಯಾರು? ಸುಣ್ಣದ ಗೆರೆ ಎಳೆಯೋದು ಯಾರು? ಗೆರೆ ಎಳೆದವನು ಮರುದಿನ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾನೆ. ನಮ್ಮಲ್ಲಿ ಕೆಲವರು ಓದಿದ ಶಾಲೆಯಲ್ಲಿ ಬಿಂದಿಗೆಯಲ್ಲಿ ನೀರು ತಂದಿಡೋಕೆ ಒಬ್ಬರು, ಆ ನೀರು ಎತ್ತಿ ಹೊಯ್ಯೋಕೆ ಇನ್ನೊಬ್ಬರು ಇದ್ದರು. ಎತ್ತಿ ಹೊಯ್ಯೋದು ಯಾವ ಜಾತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಸಾಹೇಬರು ಸಾತಾರಾದ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು ಕುಡಿದರಲ್ಲ, ಆ ಜವಾನ ಇನ್ನೂ ಪೂರ್ತಿ ರಿಟೈರ್ ಆಗಿಲ್ಲ.

ಇದೆಲ್ಲ ಸಣ್ಣ ಹುಡುಗರ ಆಟ, ಇದರಲ್ಲಿ ಯಾಕೆ ಜಾತಿ ಹುಡುಕ್ತೀರಿ ಅನ್ನುವವರಿಗೆ ಒಂದು ಊರಿನ ಹೆಸರು ಹೇಳ್ತೇವೆ. ಗುಜರಾತಿನ ಪಾಟಣ ಜಿಲ್ಲೆಯ ಕಾಕೋಶಿ. 2023ರ ಜೂನ್ ತಿಂಗಳು. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಮ್ಯಾಚು ನಡೀತಿತ್ತು. ನೋಡುತ್ತಾ ನಿಂತಿದ್ದ ದಲಿತ ಹುಡುಗನೊಬ್ಬ ತನ್ನ ಕಡೆ ಬಂದ ಚೆಂಡನ್ನು ಎತ್ತಿಕೊಂಡ. ಅಷ್ಟೇ ಅವನು ಮಾಡಿದ್ದು. ಬೈಗುಳ, ಬೆದರಿಕೆ ಶುರುವಾಯಿತು. ಹುಡುಗನ ಸೋದರಮಾವಂದಿರೋ ಚಿಕ್ಕಪ್ಪಂದಿರೋ, ಮನೆಯ ಗಂಡಸರು ಕೇಳಲು ಹೋದರು. ಅವತ್ತು ಸಂಜೆ ಗುಂಪು ಹತಾರ ಹಿಡಿದು ಬಂತು, ಆ ಮನೆಯವರೊಬ್ಬರ ಹೆಬ್ಬೆರಳು ಕತ್ತರಿಸಿತು ಅಂತ ಪೊಲೀಸ್ ದೂರಿನಲ್ಲಿದೆ. ಹೆಬ್ಬೆರಳೇ! ದ್ರೋಣಾಚಾರ್ಯರಿಗೆ ಕೇಳಿ ತೆಗೆದುಕೊಳ್ಳೋ ಮರ್ಯಾದೆಯಾದರೂ ಇತ್ತು. ಕ್ರೀಡಾ ತರಬೇತುದಾರರಿಗೆ ನಮ್ಮ ಸರ್ಕಾರ ಕೊಡುವ ಪ್ರಶಸ್ತಿಗೆ ಆ ಗುರುವಿನ ಹೆಸರನ್ನೇ ಇಟ್ಟಿರುವುದನ್ನು ನೀವು ಬಲ್ಲಿರಿ.

ಚೆಂಡು ಮುಟ್ಟಿದರೆ ಮೈಲಿಗೆ ಅನ್ನೋರಿಗೆ ಆ ಚೆಂಡು ಎಲ್ಲಿಂದ ಬಂತು ಅಂತ ಗೊತ್ತಿದೆಯೋ ಇಲ್ಲವೋ. ಕ್ರಿಕೆಟ್ಟಿನ ಕೆಂಪು ಚೆಂಡು ಅಂದರೆ ಒಳಗೆ ಕಾರ್ಕು, ಅದರ ಮೇಲೆ ಸುತ್ತಿದ ದಾರ, ಅದರ ಮೇಲೆ ಹದ ಮಾಡಿ ಬಣ್ಣ ಹಾಕಿದ ತೊಗಲು. ಉತ್ತರ ಪ್ರದೇಶದ ಮೀರತ್ತಿನಲ್ಲಿ, ಪಂಜಾಬಿನ ಜಲಂಧರದಲ್ಲಿ ತಯಾರಾಗುತ್ತೆ. 1947ರಲ್ಲಿ ದೇಶ ಒಡೆದಾಗ ಸಿಯಾಲ್‌ಕೋಟಿನಿಂದ ಎದ್ದು ಬಂದವರು ಈ ಕಸುಬನ್ನು ಜಲಂಧರಕ್ಕೆ ತಂದರು. ಮೀರತ್ತಿನಲ್ಲಿ ಆ ತೊಗಲು ಹದ ಮಾಡುವ, ಕತ್ತರಿಸುವ, ಹೊಲಿಯುವ ಕೈಗಳು ಹೆಚ್ಚಿನ ಪಾಲು ಜಾಟವರವು, ಅಂದರೆ ನಮ್ಮವರವು. ಹೊಲಿದವನ ಕೈ ಮೈಲಿಗೆ, ಹೊಲಿದ ಚೆಂಡು ಮಡಿ! ಆ ಚೆಂಡಿಗೆ ಎಂಜಲು ಹಚ್ಚಿ ಬಿಳೀ ಪ್ಯಾಂಟಿಗೆ ಉಜ್ಜಿ ಹೊಳಪು ಬರಿಸುತ್ತಿದ್ದರಲ್ಲ, ಎಷ್ಟು ಜನ ಜನಿವಾರದವರು ಉಜ್ಜಿಲ್ಲ? ಕರೋನಾ ಬಂದ ಮೇಲೆ 2020ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಎಂಜಲು ಹಚ್ಚೋದನ್ನು ನಿಲ್ಲಿಸಿದರು, 2022ರಲ್ಲಿ ಅದನ್ನೇ ಕಾಯಂ ಮಾಡಿದರು. ರೋಗಕ್ಕೆ ಹೆದರಿ ಬಿಟ್ಟರೇ ಹೊರತು ತೊಗಲಿಗೆ ಹೇಸಿ ಬಿಡಲಿಲ್ಲ.

ಇಲ್ಲಿ ಪಾಲ್ವಣಕರ್ ಬಾಳೂ ಕತೆ ಹೇಳದೆ ಮುಂದೆ ಹೋಗೋಕಾಗೋದಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ನಾವು ಈ ಹೆಸರು ಓದಲಿಲ್ಲ. 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಚಮ್ಮಾರರ ಹುಡುಗ. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿಗೆ ಮೈದಾನ ಗುಡಿಸುವ ಕೆಲಸ. ಆಮೇಲೆ ಬಿಳಿಯರ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ಅಲ್ಲಿ ಗ್ರೇಗ್ ಎಂಬ ಇಂಗ್ಲಿಷಿನವನಿಗೆ ಬ್ಯಾಟಿಂಗ್ ಅಭ್ಯಾಸ ಮಾಡಲು ಚೆಂಡೆಸೆಯೋಕೆ ಒಬ್ಬ ಬೇಕಾಗಿದ್ದ. ಬಾಳೂ ಗಂಟೆಗಟ್ಟಲೆ ಎಸೆದರು. ಹೀಗೆ ನೂರಾರು ಗಂಟೆ ಚೆಂಡು ಎಸೆದವರ ಕೈಗೆ ಒಂದು ಸಲವೂ ಬ್ಯಾಟು ಕೊಡಲಿಲ್ಲ ಅಂತ ಇತಿಹಾಸಕಾರ ರಾಮಚಂದ್ರ ಗುಹಾ 2002ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಬ್ಯಾಟು ಹಿಡಿಯೋದು ದೊರೆಗಳ ಕೆಲಸ, ಎಸೆಯೋದು ಆಳಿನ ಕೆಲಸ. ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಸಂಬಳಕ್ಕೆ ಆಡುವವರನ್ನು 'ಪ್ಲೇಯರ್ಸ್', ಮನೆತನಸ್ಥರನ್ನು 'ಜಂಟಲ್‌ಮೆನ್' ಅಂತ ಬೇರೆ ಬೇರೆ ಕರೆಯೋ ಪದ್ಧತಿಯನ್ನು ಅವರು ಬಿಟ್ಟದ್ದು 1962ರಲ್ಲಿ. ಜಾತಿ ನಮ್ಮದೇ ಸ್ವತ್ತು ಅಂದುಕೊಂಡಿದ್ದವರು ಸ್ವಲ್ಪ ಸಮಾಧಾನ ಪಡಬಹುದು.

ಬಿಳಿಯರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂಗಳಿಗೆ ಬಾಳೂ ಬೇಕಾದರು. ಒಳಗೆ ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಟೀ ಹೊತ್ತಿಗೆ ಮಾತ್ರ ಬಾಳೂ ಪೆವಿಲಿಯನ್ನಿನ ಹೊರಗೆ. ಕುಡಿದು ಎಸೆಯೋ ಮಣ್ಣಿನ ಕುಡಿಕೆಯಲ್ಲಿ ಅವರಿಗೆ ಟೀ, ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಅದರಲ್ಲಿ ಬಾಳೂ ಕೈವಾಡ ದೊಡ್ಡದು. 1911ರಲ್ಲಿ ಪಟಿಯಾಲದ ಮಹಾರಾಜನ ಜೊತೆ ಇಂಗ್ಲೆಂಡಿಗೆ ಹೋದ ತಂಡ ಸೋಲಿನ ಮೇಲೆ ಸೋಲು ಕಂಡಿತು. ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡಕ್ಕೆ ಅವರನ್ನು ಕ್ಯಾಪ್ಟನ್ ಮಾಡಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ, ವಿಠಲ ಇಬ್ಬರೂ ಆಡೋದಿಲ್ಲ ಅಂತ ಹೊರಗೆ ನಿಂತರು. 1923ರಲ್ಲಿ ವಿಠಲ ಕ್ಯಾಪ್ಟನ್ ಆದರು. ಅಣ್ಣ ಎಸೆಯಲು ಶುರುಮಾಡಿ ತಮ್ಮ ಟೀಮು ಆರಿಸುವ ಹೊತ್ತಿಗೆ ಕಾಲು ಶತಮಾನ ದಾಟಿತ್ತು.

ಇದೇ ಬಾಳೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು ಅನ್ನೋದನ್ನೂ ಹೇಳಿಬಿಡಬೇಕು. ಮುಚ್ಚಿಟ್ಟು ದೇವರು ಮಾಡೋ ಚಟ ನಮಗೆ ಬೇಡ. ನಮಗೆ ಬೇಕಾದ್ದು ಬೇರೆ ಪಾಠ. ಬಾಳೂಗೆ ಯಾರೂ ಕಲಿಸಲಿಲ್ಲ. ಗುಡಿಸುತ್ತಾ, ಎಸೆಯುತ್ತಾ ತಾವೇ ಕಲಿತರು. ನೂರಾರು ಹುಡುಗರಲ್ಲಿ ಒಬ್ಬ ಹಾಗೆ ಕಲೀತಾನೆ. ಮಿಕ್ಕವರು? 'ನಿಮ್ಮ ಬಾಳೂ ನೋಡಿ, ಕಷ್ಟಪಟ್ಟು ಮೇಲೆ ಬಂದ' ಅಂತ ಭಾಷಣ ಮಾಡೋರು ಈ ಮಿಕ್ಕವರ ಲೆಕ್ಕ ಕೊಡೋದಿಲ್ಲ. ಶಾಲೆ ಇರೋದೇ ಮಿಕ್ಕವರಿಗೆ.

ನಮ್ಮ ಕೆಲವು ಗೆಳೆಯರದು ಇನ್ನೊಂದು ವಾದ. ಕ್ರಿಕೆಟ್ಟು, ವಾಲಿಬಾಲು ಎಲ್ಲ ಸಾಮ್ರಾಜ್ಯಶಾಹಿ ಆಟ, ನಮ್ಮ ಮಕ್ಕಳಿಗೆ ಲಗೋರಿ, ಕಬಡ್ಡಿ ಸಾಕು ಅಂತ. ಲಗೋರಿ ಚೆನ್ನಾಗಿದೆ, ಬೇಡ ಅಂದವರಾರು? ಏಳು ಬಿಲ್ಲೆ, ಒಂದು ಚಿಂದಿ ಚೆಂಡು, ಗುರಿ ಇಡೋದು, ಓಡೋದು, ತಪ್ಪಿಸಿಕೊಳ್ಳೋದು, ಕೊನೆಗೆ ಬಿದ್ದದ್ದನ್ನು ಕಟ್ಟಿ ನಿಲ್ಲಿಸೋದು ಎಲ್ಲ ಅದರಲ್ಲಿದೆ. ಆದರೆ ದೇಸಿ ಅಂದ ತಕ್ಷಣ ಜಾತಿ ಓಡಿ ಹೋಗುತ್ತೆ ಅನ್ನೋದು ಸುಳ್ಳು. ಊರಿನ ಚಾವಡಿ ಎದುರು ಲಗೋರಿ ಆಡೋಕೆ ಕೇರಿ ಮಕ್ಕಳನ್ನು ಯಾವ ದೇಸಿ ಸಂಸ್ಕೃತಿ ಕರೆದಿತ್ತು? ಆಟ ಎಲ್ಲಿ ಹುಟ್ಟಿತು ಅನ್ನೋ ಕುಲ ನಮಗೆ ಬೇಡ. ಹೇಗೆ ಕಲಿಸ್ತಾರೆ ಅನ್ನೋದು ಬೇಕು.

ವಾಲಿಬಾಲನ್ನೇ ತಗೊಳ್ಳಿ. ನಮ್ಮ ಕೇರಿಗಳಲ್ಲಿ ಎರಡು ಗಳ ನೆಟ್ಟು ಸಂಜೆ ಆಡುವ ಆಟ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವೈ.ಎಂ.ಸಿ.ಎ. ಶಿಕ್ಷಕ ಇದನ್ನು ಹುಟ್ಟಿಸಿದ. ಬ್ಯಾಸ್ಕೆಟ್‌ಬಾಲಿನಲ್ಲಿ ಓಡೋಕೆ, ಗುದ್ದಾಡೋಕೆ ಆಗದ ನಡುವಯಸ್ಸಿನವರೂ ಆಡಲಿ ಅಂತ. ಆಗ ನೆಟ್ಟಿನ ಎತ್ತರ ಆರೂವರೆ ಅಡಿ, ಆಡುವವರು ಎಷ್ಟು ಮಂದಿಯಾದರೂ ಸರಿ. ಈಗ ಗಂಡಸರ ನೆಟ್ಟು 2.43 ಮೀಟರು, ಹೆಂಗಸರದ್ದು 2.24. ಅಂದರೆ ಆಡುವವರನ್ನು ನೋಡಿಕೊಂಡು ಎತ್ತರ ಇಟ್ಟರು, ಆಟ ಬೆಳೆದ ಹಾಗೆ ಏರಿಸಿದರು. ನಮ್ಮ ಶಾಲೆಗಳಲ್ಲಿ ಏನು ಮಾಡ್ತಾರೆ? ಹನ್ನೊಂದು ವರ್ಷದ, ರಕ್ತ ಕಮ್ಮಿ ಇರೋ ಮಗುವಿನ ಎದುರು ದೊಡ್ಡವರ ನೆಟ್ಟು ಕಟ್ಟಿ, ಕಾಲು ಕೇಜಿಗಿಂತ ಜಾಸ್ತಿ ತೂಗುವ ದೊಡ್ಡವರ ಚೆಂಡು ಕೊಟ್ಟು 'ಸರ್ವಿಸ್ ಮಾಡೋ' ಅಂತಾರೆ. ಮೊದಲ ಏಟಿಗೇ ಮುಂಗೈ ಕೆಂಪಗಾಗಿ ಉರಿಯುತ್ತೆ. ಚೆಂಡು ನೆಟ್ಟಿಗೆ ಹೋಗಿ ಮುಟ್ಟೋದೂ ಇಲ್ಲ. ಎಲ್ಲರೂ ನಗ್ತಾರೆ. ಆ ಮಗು ಇನ್ನು ಜನ್ಮದಲ್ಲಿ ಸರ್ವಿಸ್ ಜಾಗಕ್ಕೆ ಬರೋದಿಲ್ಲ.

ಕಲಿಸೋದಾದರೆ ಹೀಗೆ ಕಲಿಸಬಹುದು. ನೆಟ್ಟು ಬೇಡ, ಹಳೇ ಸೀರೆಯೋ ಹಗ್ಗವೋ ಮಕ್ಕಳ ತಲೆಯಿಂದ ಗೇಣು ಮೇಲೆ ಕಟ್ಟಿ. ಚೆಂಡು ಹಗುರದ್ದು ಇರಲಿ. ಮೊದಲ ದಿನ ಹೊಡೆಯೋದು ಬೇಡ, ಹಿಡಿದು ಎಸೆಯಲಿ. ಎರಡನೇ ವಾರ ಒಂದು ಪುಟ ನೆಲಕ್ಕೆ ಬಿದ್ದರೂ ಪರವಾಗಿಲ್ಲ ಅನ್ನಿ. ಸರ್ವಿಸನ್ನು ಅಂಗಳದ ನಡುವಿನಿಂದ ಮಾಡಲಿ, ಬಂದ ಹಾಗೆ ಒಂದೊಂದು ಹೆಜ್ಜೆ ಹಿಂದೆ ಹೋಗಲಿ. ಹನ್ನೆರಡು ಮಂದಿಯ ಎರಡು ಟೀಮು ಮಾಡಿ ಇಪ್ಪತ್ತೆಂಟು ಮಂದಿಯನ್ನು ಕೂರಿಸೋದರ ಬದಲು, ನಾಲ್ಕು ನಾಲ್ಕು ಮಂದಿಯ ಹತ್ತು ಗುಂಪು ಮಾಡಿ ಐದು ಹಗ್ಗ ಕಟ್ಟಿದರೆ ನಲವತ್ತೂ ಮಕ್ಕಳು ಏಕಕಾಲಕ್ಕೆ ಆಡ್ತಾರೆ. ಐದು ಚೆಂಡು ಎಲ್ಲಿಂದ ತರೋದು ಅನ್ನೋದಕ್ಕೆ ಆಮೇಲೆ ಬರ್ತೇವೆ.

ವಾಲಿಬಾಲಿನಲ್ಲಿ ನಮಗೆ ತುಂಬ ಇಷ್ಟವಾದ ಒಂದು ಕಾನೂನಿದೆ. ಸುತ್ತು. ಎದುರಾಳಿ ಸರ್ವಿಸಿನಲ್ಲಿ ಪಾಯಿಂಟು ಗೆದ್ದಾಗ ಆರೂ ಮಂದಿ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಯಬೇಕು. ಹಿಂದಿದ್ದವನು ಮುಂದೆ ಬರಬೇಕು, ಮುಂದಿದ್ದವನು ಹಿಂದೆ ಹೋಗಬೇಕು. ಎಲ್ಲರಿಗೂ ಸರ್ವಿಸ್ ಸರದಿ ಬರಬೇಕು. ಇಂಥಾದ್ದೊಂದು ಕಾನೂನನ್ನು ಊರೊಳಗೆ ತಂದರೆ ಊರು ಒಪ್ಪುತ್ತಾ? ಒಪ್ಪೋದಿಲ್ಲ ಅಂತಲೇ ಎಷ್ಟೋ ಊರಿನ ಆಟದಲ್ಲಿ ಸುತ್ತು ಬಿಟ್ಟುಬಿಟ್ಟಿದ್ದಾರೆ. ಗೌಡರ ಮಗ ನೆಟ್ಟಿನ ಮುಂದೆ ಕಾಯಂ, ಹೊಡೆಯೋದಷ್ಟೇ ಅವನ ಕೆಲಸ, ಹಿಂದೆ ನಿಂತು ಚೆಂಡು ಎತ್ತಿ ಕೊಡೋರೂ ಕಾಯಂ. ಶಾಲೆಯಲ್ಲಾದರೂ ಸುತ್ತು ಬಿಡಬಾರದು. ಸರ್ವಿಸ್ ಕೆಟ್ಟರೂ ಪಾಯಿಂಟ್ ಹೋದರೂ ಸರದಿ ಬಂದವನೇ ಮಾಡಬೇಕು. ಮೇಷ್ಟ್ರು ಹೊಂಗೆ ಮರದ ಕೆಳಗಿನಿಂದ ಎದ್ದು ಬಂದು ನಿಂತರೆ ಇದು ಆಗುತ್ತೆ, ಇಲ್ಲದಿದ್ದರೆ ಆಗೋದಿಲ್ಲ.

ಚೆಂಡಿನಿಂದ ಮೈಗೆ ಹೊಡೆದು ಔಟ್ ಮಾಡುವ ಆಟ ಇದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. ನಿಧಾನ ಓಡೋನು, ಹೆದರೋನು ಮೊದಲು ಔಟ್. ಅಂದರೆ ಯಾರಿಗೆ ಆಟ ಹೆಚ್ಚು ಬೇಕೋ ಅವನೇ ಮೊದಲು ಹೋಗಿ ಕೂರಬೇಕು. ಅಮೆರಿಕದಲ್ಲಿ ನೀಲ್ ವಿಲಿಯಮ್ಸ್ ಎಂಬ ದೈಹಿಕ ಶಿಕ್ಷಣದ ಅಧ್ಯಾಪಕರು 1992ರಲ್ಲಿ ಮಕ್ಕಳಿಗೆ ಅವಮಾನ ಮಾಡುವ, ಹೆಚ್ಚು ಮಂದಿಯನ್ನು ಕೂರಿಸುವ ಆಟಗಳ ಒಂದು ನಾಚಿಕೆಗೇಡಿನ ಪಟ್ಟಿ ಮಾಡಿದರು. ಈ ಆಟ ಆ ಪಟ್ಟಿಯಲ್ಲಿತ್ತು. ಅವರು ಜಾತಿ ಕಂಡವರಲ್ಲ. ಕಂಡಿದ್ದರೆ ಪಟ್ಟಿ ಇನ್ನೂ ಉದ್ದ ಆಗ್ತಿತ್ತು. ನಮ್ಮೂರಲ್ಲಿ ಈ ಆಟ ಆಡುವಾಗ ಯಾರ ಬೆನ್ನಿಗೆ ಚೆಂಡು ಜೋರಾಗಿ ಬೀಳುತ್ತೆ ಅನ್ನೋದನ್ನು ನೋಡಿದವರೇ ಬಲ್ಲರು. ಆಟ ಬಿಡಬೇಕಾಗಿಲ್ಲ. ಔಟ್ ಆದವನು ಕೂರದೆ ಹೊರಗಿನ ಸುತ್ತಿಗೆ ಹೋಗಿ ಎಸೆಯೋನಾಗಲಿ, ಮಂಡಿಯ ಕೆಳಗೆ ಮಾತ್ರ ಹೊಡೀಬೇಕು ಅಂತ ಕಟ್ಟುಮಾಡಿ, ಮೆತ್ತನೆ ಚೆಂಡು ಕೊಡಿ. ಇಷ್ಟು ಬದಲಾಯಿಸೋಕೆ ಬಜೆಟ್ಟು ಬೇಕಾ?

ಹುಡುಗಿಯರ ಮಾತು ತೆಗೆದರೆ ಮೇಷ್ಟ್ರುಗಳು 'ಅವರಿಗೆ ಥ್ರೋಬಾಲ್ ಇದೆಯಲ್ಲ' ಅಂತಾರೆ. ಇದೆ, ಒಳ್ಳೇ ಆಟವೇ. ಆದರೆ ಹುಡುಗರು ಬಿಟ್ಟ ಮೂಲೆಯಲ್ಲಿ, ಹುಡುಗರು ಹರಿದು ಬಿಟ್ಟ ಚೆಂಡಿನಲ್ಲಿ. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅರ್ಧ ಹುಡುಗಿಯರು 'ಹೊಟ್ಟೆನೋವು ಸಾರ್' ಅಂತ ಕಟ್ಟೆ ಮೇಲೆ ಕೂರುತ್ತಾರೆ. ಶಾಲೆಯಲ್ಲಿ ಬಾಗಿಲಿರುವ, ನೀರಿರುವ ಕಕ್ಕಸು ಇದ್ದಿದ್ದರೆ ಅವರಲ್ಲಿ ಎಷ್ಟು ಮಂದಿ ಆಡುತ್ತಿದ್ದರು ಅಂತ ಯಾರೂ ಕೇಳೋದಿಲ್ಲ. ಕೇರಿಯ ಹುಡುಗಿಯಾದರೆ ಬೆಳಿಗ್ಗೆ ನೀರು ಹೊತ್ತು, ತಮ್ಮನನ್ನು ಎತ್ತಿ ಆಡಿಸಿ, ಗಂಜಿ ಕುಡಿದು ಬಂದಿರುತ್ತಾಳೆ. 'ಅವಳಿಗೆ ಯಾಕೆ ವ್ಯಾಯಾಮ, ಮನೇಲೇ ಬೇಕಾದಷ್ಟು ಆಗುತ್ತೆ' ಅಂತ ಒಬ್ಬ ಮಹಾನುಭಾವರು ಹೇಳಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಕೊಡ ಹೊರೋದಕ್ಕೂ ಚೆಂಡು ಹಿಡಿಯೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ದೈಹಿಕ ಶಿಕ್ಷಣದ ಬಗ್ಗೆ ಮಾತಾಡ್ತಾರೆ. ಕೊಡ ಹೊರುವಾಗ ಯಾರೂ ಅವಳ ಹೆಸರು ಕೂಗಿ 'ನನಗೆ ಕೊಡು' ಅಂತ ಕೈ ಚಾಚೋದಿಲ್ಲ.

ಹರಿದ್ವಾರದ ಹತ್ತಿರದ ರೋಶನಾಬಾದ್ ಎಂಬ ಹಳ್ಳಿಯ ವಂದನಾ ಕಟಾರಿಯಾ 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾ ಎದುರು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಒಲಿಂಪಿಕ್ ಹಾಕಿಯಲ್ಲಿ ಹಾಗೆ ಹೊಡೆದ ಮೊದಲ ಭಾರತದ ಹೆಣ್ಣುಮಗಳು. ಸೆಮಿಫೈನಲಿನಲ್ಲಿ ಭಾರತ ಅರ್ಜೆಂಟೀನಾಕ್ಕೆ 2–1ರಲ್ಲಿ ಸೋತಿತು. ಅವತ್ತು ಅವರ ಮನೆ ಎದುರು ಪಟಾಕಿ ಹೊಡೆದರು, ತಂಡದಲ್ಲಿ ದಲಿತರು ಜಾಸ್ತಿಯಾದ್ದರಿಂದಲೇ ಸೋತಿತು ಅಂತ ಕೂಗಿದರು ಎಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಒಲಿಂಪಿಕ್ಸಿಗೆ ಹೋದವರ ಮನೆ ಬಾಗಿಲಿಗೇ ಹೀಗಾದರೆ ಆರನೇ ಕ್ಲಾಸಿನ ಹುಡುಗಿಗೆ ಚೆಂಡು ತಪ್ಪಿದಾಗ ಏನೇನು ಕೇಳಿಸಿರಬೇಕು.

ಇನ್ನು ಸರ್ಕಾರದ ಕಡೆ ಬರೋಣ, ಇದು ಬೇಗ ಮುಗಿಯುತ್ತೆ. 2009ರ ಶಿಕ್ಷಣ ಹಕ್ಕು ಕಾನೂನಿನ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು. ಪ್ರತಿ ತರಗತಿಗೂ ಅಗತ್ಯವಿದ್ದಷ್ಟು ಆಟದ ಸಾಮಾನು ಕೊಡಬೇಕು. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕ ಇರಬೇಕು. ಅರೆಕಾಲಿಕ! ಪೂರ್ತಿ ಮೈಗೆ ಅರ್ಧ ಮೇಷ್ಟ್ರು. ನೂರಕ್ಕಿಂತ ಕಮ್ಮಿ ಮಕ್ಕಳಿದ್ದರೆ ಆ ಅರ್ಧವೂ ಇಲ್ಲ. ಉಳ್ಳವರೆಲ್ಲ ಮಕ್ಕಳನ್ನು ವ್ಯಾನಿನಲ್ಲಿ ಕಾನ್ವೆಂಟಿಗೆ ಕಳಿಸಿ ಸರ್ಕಾರಿ ಶಾಲೆ ಖಾಲಿ ಮಾಡಿದ ಮೇಲೆ ಅಲ್ಲಿ ಉಳಿದ ಐವತ್ತು ಅರವತ್ತು ಮಕ್ಕಳು ಯಾರವರು ಅಂತ ನೀವೇ ಹೇಳಿ. ಆದರೂ ಮೈದಾನ, ಸಾಮಾನು ಎರಡೂ ಕಾನೂನಿನಲ್ಲಿ ಇದ್ದೇ ಇದೆ, ಅದಕ್ಕೆ ನೂರರ ಲೆಕ್ಕ ಇಲ್ಲ. ನಿಮ್ಮೂರ ಶಾಲೆಯ ಮೈದಾನದಲ್ಲಿ ಯಾರ ಹುಲ್ಲಿನ ಮೆದೆ ಇದೆ, ಯಾರ ಟ್ರಾಕ್ಟರು ನಿಂತಿದೆ ನೋಡಿ ಬನ್ನಿ. ಆಟದ ಸಾಮಾನಿನ ದಾಸ್ತಾನು ಪುಸ್ತಕದಲ್ಲಿ ಎಷ್ಟು ಚೆಂಡು ಬರೆದಿದ್ದಾರೆ, ಬೀರುವಿನಲ್ಲಿ ಎಷ್ಟಿದೆ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿ.ಇ.ಓ. ಸಾಹೇಬರಿಗೆ ಅರ್ಜಿ ಕೊಡುವಾಗ ಅನುಸೂಚಿಯ ಹೆಸರು ಬರೆಯಿರಿ, ಸುಮ್ಮನೆ 'ಸೌಲಭ್ಯ ಒದಗಿಸಿ' ಅಂತ ಬರೆದರೆ ಓದೋದಿಲ್ಲ.

ಅರ್ಜಿ ನಿಧಾನಕ್ಕೆ ಹೋಗಲಿ. ಈ ಬುಲೆಟಿನ್ ಓದುವ ನಿಮ್ಮಲ್ಲಿ ಅನೇಕರು ನಾಳೆ ಡಿ.ಇಡಿ., ಬಿ.ಇಡಿ., ಬಿ.ಪಿ.ಇಡಿ. ಮಾಡಿ ಮೇಷ್ಟ್ರಾಗುವವರು. ಆಗ ಹೊಂಗೆ ಮರದ ನೆರಳು ನಿಮ್ಮನ್ನೂ ಕರೆಯುತ್ತೆ. ಅದಕ್ಕೆ ಈಗಲೇ ಶುರುಮಾಡೋದು ವಾಸಿ. ಭಾನುವಾರ ಊರಿಗೆ ಹೋದಾಗ ಕೇರಿಯ ಮಕ್ಕಳನ್ನು ಕರೆದು ಆಡಿಸಿ, ಊರೊಳಗಿನ ಮಕ್ಕಳು ಬಂದರೆ ಅವರನ್ನೂ ಸೇರಿಸಿಕೊಳ್ಳಿ. ಆಡಿಸುವಾಗ ಲೀಡರು ಆರಿಸೋದು ಬೇಡ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿದರೆ ಟೀಮು ಆಗಿಹೋಯಿತು. ಬೇಲಿಯಾಚೆ ಬಿದ್ದ ಚೆಂಡನ್ನು ಹೊಡೆದವನೇ ಹೋಗಿ ತರಬೇಕು. ಗೆರೆ ಎಳೆಯೋದು ಒಂದೊಂದು ವಾರ ಒಬ್ಬೊಬ್ಬರು. ನೀರಿಗೆ ಒಂದೇ ಬಿಂದಿಗೆ, ಒಂದೇ ಲೋಟ. ಇಷ್ಟಕ್ಕೇ ಊರೊಳಗಿಂದ ಯಾರಾದರೂ ಬಂದು ಮಕ್ಕಳನ್ನು ಎಳಕೊಂಡು ಹೋದರೆ ಹೋಗಲಿ, ಹೆಸರು ಬರೆದಿಟ್ಟುಕೊಳ್ಳಿ, ಸಭೆಯಲ್ಲಿ ಮಾತಾಡೋಣ.

ಚೆಂಡಿಗೆ ಯಾರನ್ನೂ ಬೇಡಬೇಕಾಗಿಲ್ಲ. ಹರಿದ ಬಟ್ಟೆಯನ್ನು ಬಿಗಿಯಾಗಿ ಉಂಡೆ ಸುತ್ತಿ, ಹಳೇ ಸೈಕಲ್ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ಮೇಲೆ ಅಡ್ಡಡ್ಡ ಉದ್ದುದ್ದ ಎಳೆದು ತೊಡಿಸುತ್ತಾ ಹೋದರೆ ಪುಟಿಯೋ ಚೆಂಡು ಆಗುತ್ತೆ. ಲಗೋರಿಗೆ, ಎಸೆದು ಹಿಡಿಯೋ ಆಟಕ್ಕೆ ಅದೇ ಸಾಕು. ಸೀರೆ ಕಟ್ಟಿ ಆಡುವುದಕ್ಕೆ ದೊಡ್ಡ ಚೆಂಡು ಬೇಕಾದರೆ ಒಳಗೆ ಹತ್ತಿಯೋ ಒಣಹುಲ್ಲೋ ತುಂಬಿ ಬಟ್ಟೆ ಚೀಲ ಹೊಲಿಯಬಹುದು, ಪುಟಿಯೋದಿಲ್ಲ ಆದರೆ ಮುಂಗೈ ಉರಿಯೋದೂ ಇಲ್ಲ. ನಮ್ಮ ಅಪ್ಪ, ತಾತಂದಿರಲ್ಲಿ ತೊಗಲು ಹೊಲಿದವರು ಇನ್ನೂ ಇದ್ದಾರೆ. ಅವರ ಹತ್ತಿರ ಕೂತು ಹೊಲಿಗೆ ಹಾಕೋದು ಕಲೀರಿ. ಆ ಕೈಕೆಲಸಕ್ಕೆ ನಾಚುತ್ತಿದ್ದವರೂ ಬನ್ನಿ. ಮುಂದಿನ ತಿಂಗಳ ಸಭೆಗೆ ಬರುವಾಗ ಒಬ್ಬೊಬ್ಬರು ಒಂದೊಂದು ಹಳೇ ಸೈಕಲ್ ಟ್ಯೂಬು, ಒಂದು ಕತ್ತರಿ ತನ್ನಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡ್ತಾರೆ.